ನಾಲ್ಕನೇ ಹಡಗಿನ ಗೆರೆ

"ಯಾರ್ರೀ ಈ ಗೆರೆ ಎಳೆದಿದ್ದು?"

೧೯೮೬ರ ಒಂದು ಬೆಳಿಗ್ಗೆ. ಪೀಣ್ಯದ ಆ ಪುಟ್ಟ ಆಫೀಸಿನಲ್ಲಿ ದೂರದ ಸಂದೇಶಗಳನ್ನು ಅಚ್ಚುಹಾಕುವ ಟೆಲೆಕ್ಸ್ ಯಂತ್ರವೊಂದೇ ಸದ್ದು ಮಾಡುತ್ತಿತ್ತು. ಬಾಗಿಲಲ್ಲಿ ನಿಂತವನ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು.

"ನಾನೇ," ಎಂದಳು ಸೀತಾಲಕ್ಷ್ಮಿ. "ನೀವ್ಯಾರು?"

"ಗೋಪಾಲಪ್ಪ. ಮಾಕಳಿಯೋನು. ನಾಲ್ಕನೇ ಹಡಗಿನ ಇಂಜಿನಿಯರ್. ಜಪಾನ್ ಬಂದರಲ್ಲಿ ಒಂದೇ ಜಾಗಕ್ಕೆ ಒಂದೇ ದಿನ ಎರಡು ಹಡಗು ಕಳಿಸಿದ್ದೀರಲ್ಲ ಮೇಡಂ! ಒಂಬತ್ತು ದಿನ ಹೊರಗೆ ಲಂಗರು ಹಾಕ್ಕೊಂಡು ಕೂತಿದ್ವಿ. ಇಲ್ಲಿ ನನ್ನ ತಂಗಿ ಭಾಗ್ಯಮ್ಮನ ಧಾರೆ ಆಗೋಯ್ತು. ಒಬ್ಬನೇ ಅಣ್ಣ ನಾನು!"

ಅವಳು ಗೋಡೆಯ ಕಡೆ ತಿರುಗಿದಳು.

ಗೋಡೆಗೆ ಅಂಟಿಸಿದ್ದ ಗ್ರಾಫ್ ಹಾಳೆಯಲ್ಲಿ ಐದು ಹಡಗುಗಳಿಗೆ ಐದು ಪೆನ್ಸಿಲ್ ಗೆರೆ. ನೈಸರ್ಗಿಕ ಅನಿಲವನ್ನು ವಿಪರೀತ ತಣ್ಣಗೆ ಮಾಡಿ, ದ್ರವವಾಗಿಸಿ, ಕೊಲ್ಲಿ ದೇಶದಿಂದ ಜಪಾನಿಗೆ ಒಯ್ಯುವ ಹಡಗುಗಳು. ಯಾವುದು ಎಂದು ಹೊರಡಬೇಕು, ಎಂದು ತಲುಪಬೇಕು ಎಂದು ಗೊತ್ತುಮಾಡುವುದು ಅವಳ ಕೆಲಸ. ತುಂಬಿದ ಹಡಗು ಬಂದರಿನ ಹೊರಗೆ ಕಾದರೆ ದ್ರವ ದಿನವೂ ಅಷ್ಟಷ್ಟು ಆವಿಯಾಗಿ ಹೋಗುತ್ತದೆ. ಆ ನಷ್ಟ ಅವಳಿಗೆ ಗೊತ್ತಿತ್ತು. ಮದುವೆ ತಪ್ಪುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ಒಂದೊಂದು ಗೆರೆ ಮೇಲೂ ಮೂವತ್ತು ಜನ ಇರ್ತೀವಿ ಮೇಡಂ. ನೆನಪಿಟ್ಕೊಂಡು ಎಳೀರಿ."

ಹಡಗಿನ ಕಂಪನಿ ಅವನನ್ನು ಆರು ತಿಂಗಳು ಅದೇ ಆಫೀಸಿಗೆ ಹಾಕಿತು. ಬಂದರುಗಳ ರೀತಿ ಬಲ್ಲವನು ಯೋಜನೆ ಮಾಡುವವರ ಪಕ್ಕದಲ್ಲಿರಲಿ ಎಂದು. ಮೊದಲ ವಾರ ಇಬ್ಬರೂ ಮಾತಾಡಲಿಲ್ಲ. ಎರಡನೇ ವಾರ ಜಗಳವಾಡಿದರು. ಮೂರನೇ ವಾರ...

"ಸಮುದ್ರ ನೋಡಿದ್ದೀರಾ?"

"ಹೆಸರಘಟ್ಟದ ಕೆರೆ ನೋಡಿದ್ದೀನಿ."

ಅವನು ಬಿದ್ದು ಬಿದ್ದು ನಕ್ಕ. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ!

ಆರು ತಿಂಗಳು ಮುಗಿದಾಗ ಅವನು ಕೇಳಿದ. "ಇನ್ನೊಂದೇ ಸಲ ಹೋಗ್ಬರ್ತೀನಿ. ಆಮೇಲೆ ನೆಲದ ಮೇಲೇ ಕೆಲಸ. ಯುಗಾದಿಗೆ ಬಂದು ನಿಮ್ಮ ಅಪ್ಪನ್ನ ಕೇಳ್ಲಾ?"

"ಕೇಳಿ," ಎಂದಳು.

ಅಪ್ಪ ಸರ್ಕಾರಿ ಕಾರ್ಖಾನೆಯ ಫೋರ್‌ಮನ್. ಸೈರನ್ನಿಗೆ ಮುಂಚೆಯೇ ಗೇಟಿನಲ್ಲಿ ನಿಲ್ಲುವ ಮನುಷ್ಯ.

"ಜಾತಿ ಬೇರೆ ಅನ್ನೋದನ್ನ ಹೇಗೋ ನುಂಗ್ಕೋತೀನಿ ಕಣಮ್ಮ. ಆದ್ರೆ ಯುಗಾದಿ ಅಂದವನು ಯುಗಾದಿಗೇ ಬರ್ಬೇಕು. ಇಲ್ಲಾಂದ್ರೆ ಜಾಲಹಳ್ಳಿ ಗಂಡಿನ ಕಡೆಯೋರಿಗೆ ಬನ್ನಿ ಅಂತೀನಿ."

ಅವನು ಹಡಗು ಹತ್ತಿ ಹೋದ ಮೇಲೆ, ಶಿವರಾತ್ರಿ ಮುಗಿದ ವಾರ ಟೆಲೆಕ್ಸ್ ಬಂತು. ಜಪಾನಿನ ಬಂದರಿನಲ್ಲಿ ದುರಸ್ತಿ. ಒಂದು ಸಲಕ್ಕೆ ಒಂದೇ ಹಡಗು.

ಸೀತಾಲಕ್ಷ್ಮಿ ಹಾಳೆಯ ಮುಂದೆ ನಿಂತಳು. ನಾಲ್ಕನೇ ಹಡಗಿಗೆ ಮೊದಲ ಸರದಿ ಕೊಟ್ಟರೆ ಗೋಪಾಲಪ್ಪ ಯುಗಾದಿಗೆ ಮನೆಯಲ್ಲಿ. ಆಗ ಈಗಾಗಲೇ ತುಂಬಿಕೊಂಡು ಹೊರಟಿರುವ ಮೂರನೇ ಹಡಗು ಹೊರಗೆ ಕಾಯಬೇಕು. ಅದರಲ್ಲೂ ಮೂವತ್ತು ಜನ. ಅಲ್ಲೂ ಯಾರ ತಂಗಿಯ ಧಾರೆಯೋ...

'ನನಗೋಸ್ಕರ ಒಂದು ಗೆರೆ... ಒಂದೇ ಒಂದು... ಯಾರಿಗೆ ಗೊತ್ತಾಗುತ್ತೆ?'

ಎಳೆದಳು. ಅಳಿಸಿದಳು. ಮತ್ತೆ ಎಳೆದಳು.

ಸಂಜೆ ಟೆಲೆಕ್ಸ್ ಹೋಯಿತು: ನಾಲ್ಕನೇ ಹಡಗು ತಡವಾಗಿ ತುಂಬಿ ನಿಧಾನವಾಗಿ ಬರಲಿ. ಯುಗಾದಿ ಕಳೆದು ಎಂಟು ದಿನಕ್ಕೆ ಅವನು ಊರಿಗೆ. ಹತ್ತು ಜನ ಓದುವ ಟೆಲೆಕ್ಸಿನಲ್ಲಿ ಮನಸ್ಸಿನ ಮಾತು ಬರೆಯಲಾಗದು. ಅವನಿಗೆ ಅರ್ಥವಾಗುತ್ತದೆ ಎಂದು ನಂಬಿದಳು. ಅವಳು ಮಾಡಿದ ತಪ್ಪು ಅದೊಂದೇ.

ಕೊಲ್ಲಿಯ ಬಂದರಿನಿಂದ ಅವನ ಕಾಗದ ಬಂತು. ಮೂರೇ ಸಾಲು.

'ನಿಧಾನವಾಗಿ ಬಾ ಅಂತ ನೀವೇ ಬರೆದಿದ್ದೀರಿ. ಬೇಡ ಅನ್ನೋದನ್ನ ಹೀಗೂ ಹೇಳಬಹುದು ಅಂತ ಗೊತ್ತಿರಲಿಲ್ಲ. ಒಳ್ಳೆಯದಾಗಲಿ.'

ಉತ್ತರ ಬರೆಯಲು ವಿಳಾಸವಿರಲಿಲ್ಲ. ಹಡಗು ಹೊರಟಾಗಿತ್ತು.

ಯುಗಾದಿ ಬಂತು. ಅಪ್ಪ ಸಂಜೆಯವರೆಗೂ ಶರ್ಟು ಬಿಚ್ಚದೆ ಜಗಲಿಯಲ್ಲಿ ಕೂತಿದ್ದರು. ಕೊನೆಗೆ, "ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಜಾಲಹಳ್ಳಿಯೋರು ಬರ್ತಾರೆ," ಎಂದು ಎದ್ದುಹೋದರು.

ಆ ಭಾನುವಾರದ ಹಿಂದಿನ ದಿನ ಗೋಪಾಲಪ್ಪ ಆಫೀಸಿಗೆ ಬಂದ. ಸೀತಾಲಕ್ಷ್ಮಿಯ ಕಡೆ ನೋಡಲಿಲ್ಲ. ಯಜಮಾನ ನರಸಿಂಹಯ್ಯನವರಿಗೆ ರಾಜೀನಾಮೆ ಕೊಟ್ಟ.

"ಬಿಡೋದಾದ್ರೆ ಬಿಡಪ್ಪ," ಎಂದರು ಅವರು. "ಹೋಗೋ ಮುಂಚೆ ಆ ಹಾಳೆ ಒಂದ್ಸಲ ನೋಡು. ಈ ಹುಡುಗಿ ಅದನ್ನ ಕೆಡಿಸಿಟ್ಟವಳೆ."

ಅವನು ನೋಡಿದ. ಎಲ್ಲ ಗೆರೆಗಳೂ ನೀಟಾಗಿದ್ದವು. ನಾಲ್ಕನೆಯದರಲ್ಲಿ, ಯುಗಾದಿಯ ವಾರದಲ್ಲಿ, ಎಳೆದು ಅಳಿಸಿ ಎಳೆದು ಅಳಿಸಿ ಹಾಳೆಯೇ ಸವೆದು ತೂತು ಬಿದ್ದಿತ್ತು. ಹಿಂದಿನ ಗೋಡೆಯ ಸುಣ್ಣ ಕಾಣುತ್ತಿತ್ತು.

"ಇದು... ಎಷ್ಟು ಸಲ?"

"ಎಣಿಸಲಿಲ್ಲ." ಅವಳು ಪಕ್ಕದ ಗೆರೆ ತೋರಿಸಿದಳು. "ಮೂರನೇ ಹಡಗಲ್ಲೂ ಮೂವತ್ತು ಜನ ಇದ್ರು. ನೀವೇ ಹೇಳಿದ್ರಲ್ಲ!"

ಅವನು ಆ ತೂತಿನ ಮೇಲೆ ಬೆರಳಿಟ್ಟ.

"ನನ್ನ ಮಾತಿಗೇ ನಾನು ಸಿಟ್ಟು ಮಾಡ್ಕೊಂಡೆ ಸೀತಾ. ತಪ್ಪಾಯ್ತು."

ಹಾಳೆಯನ್ನು ಗೋಡೆಯಿಂದ ಜೋಪಾನವಾಗಿ ಕಿತ್ತು ಸುರುಳಿ ಸುತ್ತಿದ.

"ಏನ್ ಮಾಡ್ತಿದ್ದೀರಿ?"

"ತಡ ಯಾಕಾಯ್ತು ಅಂತ ನಿಮ್ಮ ಅಪ್ಪ ಕೇಳಲ್ವಾ? ಸಾಕ್ಷಿ ಬೇಡ್ವಾ?"

ಹೊರಗೆ ಅವಳ ಮನೆ ಕಡೆಗೆ ಹೋಗುವ ರಾಜಗೋಪಾಲನಗರದ ಬಸ್ಸು ಹಾರ್ನ್ ಹೊಡೆಯಿತು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಓಡಿದಳು.

"ಬೇಗ ಬನ್ರೀ, ಬಸ್ಸು ಹೋಗುತ್ತೆ!"

"ಅಬ್ಬಾ!" ಎಂದ ಗೋಪಾಲಪ್ಪ, ಹಿಂದೆಯೇ ಓಡುತ್ತಾ. "ಈಗಲಾದ್ರೂ ಬೇಗ ಬಾ ಅಂದ್ರಲ್ಲ!"