ಹಸಿರು ಬಣ್ಣದ ಕೆಳಗಿನ ಗೀರು

ಶನಿವಾರ ಬೆಳಿಗ್ಗೆ ಎಂಟೂವರೆಗೆ ಗಂಡ ಹೆಂಡತಿ ಠಾಣೆಯ ಮೆಟ್ಟಿಲು ಹತ್ತಿದರು. ಗಂಡ ಲಿಫ್ಟ್ ಮೆಕ್ಯಾನಿಕ್. ಬೆರಳಿಗೆಲ್ಲ ಪ್ಲಾಸ್ಟರ್ ಸುತ್ತಿಕೊಂಡಿದ್ದ. ಮನೆಯ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಕೂರುವ ವಿಮಾನವೊಂದನ್ನು ವರ್ಷಗಳಿಂದ ಕೈಯಾರೆ ಕಟ್ಟುತ್ತಿದ್ದನಂತೆ. ರಾತ್ರಿ ಯಾರೋ ಬೀಗ ಒಡೆದು ರೆಕ್ಕೆಯ ತುದಿಗೆ ಒಳಗಿನಿಂದ ಆಕಾರ ಕೊಡುವ ತಗಡಿನ ಪಕ್ಕೆಲುಬನ್ನು ಬಗ್ಗಿಸಿ ಸೀಳಿದ್ದಾರೆ ಎಂಬುದು ದೂರು.

"ಲಿಫ್ಟಿನವರಿಗೆ ಮೇಲೆ ಹೋಗೋದು ಹೊಸದೇನಲ್ಲ ಬಿಡಿ," ಎಂದ ಹೆಡ್ ಕಾನ್‌ಸ್ಟೇಬಲ್.

"ನಾಳೆ ಇವರೊಬ್ಬರೇ ಒಂದು ಸುತ್ತು ಹಾಕ್ತಾರೆ ಸಾರ್. ಇಳಿದ ಮೇಲೆ ನನ್ನ ಸರದಿ," ಎಂದು ಹೆಂಡತಿ ನಕ್ಕಳು. ಸೀಳಿದ್ದನ್ನು ಬದಲಾಯಿಸಲು ಒಂದು ಹಗಲು ಸಾಕು ಎಂಬ ಧೈರ್ಯ ಅವಳದು.

ಏಣಿ ಹತ್ತಿದರೂ ತಲೆ ಸುತ್ತುವ ಇನ್‌ಸ್ಪೆಕ್ಟರರಿಗೆ ಆ ನಗು ಅರ್ಥವೇ ಆಗಲಿಲ್ಲ. ಎಫ್‌ಐಆರ್ ದಾಖಲಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಶೆಡ್ಡಿಗೆ ಹೊರಟರು.

ಶೆಡ್ಡಿನಲ್ಲಿ ಎಣ್ಣೆಯ, ಬಣ್ಣದ ವಾಸನೆ. ಗೋಡೆಗೆ ಒರಗಿಸಿದ್ದ ಮರದ ಅಚ್ಚುಗಳು. ಅಲ್ಯೂಮಿನಿಯಂ ತಗಡನ್ನು ಅವುಗಳ ನಡುವೆ ಬಿಗಿದು, ಅಂಚನ್ನು ಕೊಡತಿಯಿಂದ ಮೆಲ್ಲಗೆ ತಟ್ಟಿ ಮಡಚಿದರೆ ಒಂದು ಪಕ್ಕೆಲುಬು. ಮೂಲೆಯ ಸ್ಟೂಲಿನ ಮೇಲೆ ಹೆಂಡತಿಯ ಅಪ್ಪ ಕುಳಿತಿದ್ದ. ಕಾರುಗಳ ಬಾಡಿ ತಟ್ಟಿ ತಟ್ಟಿ ಮುದುಕನಾದವನು. ಬೀದಿಯವರೆಲ್ಲ ತಗಡಜ್ಜ ಎನ್ನುತ್ತಿದ್ದರು. ಕೊಡತಿ ಹಿಡಿಯುವುದನ್ನು ಅಳಿಯನಿಗೆ ಕಲಿಸಿದವನೂ ಅವನೇ.

ದೀಪ ಜೋಡಿಸಲೆಂದು ರೆಕ್ಕೆಯ ತುದಿಯ ಮುಚ್ಚಳ ತೆಗೆದಿದ್ದರು. ಪಕ್ಕೆಲುಬು ಮಡಿಕೆಯ ಉದ್ದಕ್ಕೂ ಸೀಳಿತ್ತು. ಈ ಶೆಡ್ಡಿನಲ್ಲಿ ಪೆನ್ಸಿಲನ್ನೂ ಮುಟ್ಟಿಸುವುದಿಲ್ಲ, ಮಡಿಕೆಯ ಮೇಲೆ ಕೂದಲಿನಂಥ ಗೀರು ಬಿದ್ದರೂ ಮುಂದೊಂದು ದಿನ ತಗಡು ಅಲ್ಲೇ ಹರಿಯುತ್ತದೆ, ಗುರುತಿಗೆಲ್ಲ ಸ್ಕೆಚ್ ಪೆನ್ನೇ ಎಂದು ಅಳಿಯ ವಿವರಿಸುತ್ತಿದ್ದ. ಇನ್‌ಸ್ಪೆಕ್ಟರರು ಟಾರ್ಚ್ ಹಿಡಿದು ಬಗ್ಗಿದರು. ಸೀಳು ಹೊಸದು, ಬೆಳ್ಳಗೆ ಹೊಳೆಯುತ್ತಿತ್ತು. ಅದು ನಿಂತಲ್ಲಿಂದ ಮುಂದಕ್ಕೆ ಮಡಿಕೆಯ ಮೇಲೆ ಮೊಳೆಯಲ್ಲಿ ಎಳೆದಂಥ ಗೀರೊಂದು ಹೋಗಿತ್ತು. ಗೀರಿನ ಒಳಗೂ ಪಕ್ಕೆಲುಬಿಗೆ ಹೊಡೆದ ಹಸಿರು ಬಣ್ಣವೇ.

"ಈ ಬಣ್ಣ ಯಾವಾಗ ಹೊಡೆದದ್ದು?"

"ಕಳೆದ ವರ್ಷ ಸಾರ್. ರೆಕ್ಕೆ ಮುಚ್ಚೋ ಮೊದಲು."

ಇನ್‌ಸ್ಪೆಕ್ಟರರ ಟಾರ್ಚ್ ಗೀರಿನ ಮೇಲೇ ನಿಂತಿತು. ಬೀಗ ಒಡೆದದ್ದು ನಿನ್ನೆ. ಗೀರು ಎಳೆದದ್ದು ಬಣ್ಣಕ್ಕೂ ಮೊದಲು. ಹಾಗಿದ್ದರೆ ಗೀರಿದವನು ಹೊರಗಿನವನಲ್ಲ. ಇಂಥ ಗೀರು ಒಂದೇ ಇದೆ ಎನ್ನುವುದಕ್ಕೂ ಆಧಾರವಿಲ್ಲ. ಉಳಿದ ಪಕ್ಕೆಲುಬುಗಳೆಲ್ಲ ರಿವೆಟ್ ಹೊಡೆದ ತಗಡಿನೊಳಗೆ ಕಣ್ಣಿಗೆ ಕಾಣದಂತೆ ಕುಳಿತಿದ್ದವು.

ಜಪ್ತಿಗೆಂದು ಪಕ್ಕೆಲುಬನ್ನು ಬಿಚ್ಚಿಸಿದಾಗ ಅವರು ಅಂಚಿನ ಮೇಲೆ ಬೆರಳಾಡಿಸಿದರು. ಸವೆದ ನಾಣ್ಯದಷ್ಟು ನುಣುಪು. ಬೆಂಚಿನ ಮೇಲೆ ಅಳಿಯ ತಟ್ಟಿಟ್ಟ ತುಂಡುಗಳನ್ನು ಮುಟ್ಟಿದರೆ ಗರಗಸ. ಅವನ ಬೆರಳಿನ ಪ್ಲಾಸ್ಟರುಗಳೇ ಸಾಕ್ಷಿ ಹೇಳುತ್ತಿದ್ದವು.

"ಅಂಚಿಗೆ ಅರ ಹಾಕಿ ನುಣುಪು ಮಾಡೋದು ಯಾರು?"

"ಅಪ್ಪ ಮಾತ್ರ, ತಾನು ತಟ್ಟಿದ್ದಕ್ಕೆಲ್ಲ ಹಾಕ್ತಾರೆ," ಎಂದಳು ಮಗಳು. "ರಿವೆಟ್ ಹೊಡೆಯೋಳು ನಾನಲ್ವಾ? ನನ್ನ ಕೈ ಕೊಯ್ಯಬಾರದು ಅಂತ."

ಇನ್‌ಸ್ಪೆಕ್ಟರರು ಎಲ್ಲರನ್ನೂ ಹೊರಗೆ ಕಳಿಸಿ ಮುದುಕನ ಎದುರು ಕುಳಿತರು.

"ಪಂಚನಾಮೆ ಮುಗೀತು ಅಜ್ಜಾ. ಶೆಡ್ ಬಿಟ್ಟುಕೊಡ್ತೀನಿ. ನಾಳೆ ಹಾರಲಿ."

ತಗಡಜ್ಜ ರೆಕ್ಕೆಯತ್ತ ನೋಡಿದ.

"ಮಗಳೂ ಕೂರ್ತಾಳಂತೆ."

"ಬಿಡಬೇಡಿ ಸಾರ್."

"ಯಾಕೆ?"

"ಒಳಗೆ ಇನ್ನೊಂದಿದೆ."

ಆಮೇಲೆ ಅವನು ತಡವರಿಸದೆ ಹೇಳಿದ. ಎರಡು ತಗಡಿನ ಮೇಲೆ ತಾನೇ ಮೊಳೆ ಎಳೆದು ತಟ್ಟಿದ್ದ. ಅಳಿಯ ನೋಡುತ್ತಾನೆ, ಎಸೆಯುತ್ತಾನೆ, ಕೆಲಸ ಹಿಂದೆ ಬೀಳುತ್ತದೆ, ಹುಚ್ಚು ಇಳಿಯುತ್ತದೆ ಎಂದುಕೊಂಡಿದ್ದ. ಅಳಿಯನೋ ಉತ್ಸಾಹದಲ್ಲಿ ಅಂದು ಸಂಜೆಯೇ ಎಲ್ಲಕ್ಕೂ ಬಣ್ಣ ಹೊಡೆದುಬಿಟ್ಟ. ಮುದುಕ ಜ್ವರ ಬಂದು ಮಲಗಿ ಏಳುವಷ್ಟರಲ್ಲಿ ರೆಕ್ಕೆ ಮುಚ್ಚಿತ್ತು. ಬಾಯಿಬಿಟ್ಟರೆ ಮಗಳು ಮುಖ ನೋಡಳು. ಬಿಡದಿದ್ದರೆ ನೋಡಲು ಮುಖವೇ ಉಳಿಯದು. ದೇವರ ಮುಂದೆ ಕೈ ಜೋಡಿಸಿದರೂ ಆ ಗೀರೇ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಬೀಗ ಒಡೆದು, ಕೈಗೆ ಸಿಗುವ ತುದಿಯದನ್ನು ಸೀಳಿದ, ಹೆದರಿಯಾದರೂ ನಿಲ್ಲಿಸಲಿ ಎಂದು. ಅವರು ಹೆದರಲಿಲ್ಲ.

ಮಧ್ಯಾಹ್ನ ಪಂಚರ ಮುಂದೆ ರೆಕ್ಕೆ ಬಿಚ್ಚಿಸಿದರು. ಮುದುಕ ತೋರಿಸಿದ ಜಾಗದಲ್ಲೇ ಗೀರಿತ್ತು. ಅದರ ತುದಿಯಲ್ಲಿ ಬಣ್ಣವನ್ನೂ ಸೀಳಿಕೊಂಡು ಕೂದಲಿನಂಥ ಬಿರುಕು. ಅಳಿಯ ಅಲ್ಲೇ ನೆಲಕ್ಕೆ ಕುಕ್ಕರಿಸಿದ. ನಾಲ್ಕೂ ಇಪ್ಪತ್ತಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು.

"ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ ಅಪ್ಪ?"

"ಹೇಳಿದ್ದೆನಲ್ಲ ಮಗಾ. ನೀನು ನಕ್ಕಿದ್ದೆ."

ಮುದುಕ ತನ್ನ ಹೆಂಡತಿಯನ್ನು ಮಣ್ಣಿಗಿಟ್ಟ ವರ್ಷವೇ ಈ ವಿಮಾನದ ಕೆಲಸ ಶುರುವಾಗಿತ್ತು. ಉಳಿದವಳು ಇವಳೊಬ್ಬಳು. "ಕಾರಿನ ಬಾಡಿ ಹರಿದರೆ ಯಾರೂ ಬೀಳಲ್ಲ ಸಾರ್," ಎಂದ ಮುದುಕ, "ನಾನು ತಟ್ಟಿದ್ದರ ಮೇಲೆ ಅವಳು ಮೋಡದಲ್ಲಿ ಕೂರ್ತಾಳೆ ಅಂದ್ರೆ, ನನ್ನ ಕೈ ಮೇಲೇ ನನಗೆ ನಂಬಿಕೆ ಬರಲಿಲ್ಲ." ಅಳಿಯನ ಪ್ರಾಣದ ಮಾತು ಅವನ ಬಾಯಲ್ಲಿ ಬರಲೇ ಇಲ್ಲ ಎಂಬುದನ್ನು ಇನ್‌ಸ್ಪೆಕ್ಟರರು ಗಮನಿಸಿದರು. ಅಳಿಯನೂ ಗಮನಿಸಿದ್ದ.

ಜೀಪಿನತ್ತ ನಡೆಯುವಾಗ ಮುದುಕ ಬಾಗಿಲಲ್ಲಿ ತಿರುಗಿ ನಿಂತ. ಮಗಳು ಬಿಚ್ಚಿದ ರೆಕ್ಕೆಗೆ ಕೈಯೂರಿ ಅಳುತ್ತಿದ್ದಳು.

"ಕೈ ತೆಗಿ ಮಗಾ," ಎಂದ. "ಆ ಅಂಚಿಗೆ ಅರ ಹಾಕಿಲ್ಲ."