ಜೋಳದ ಚೀಲದ ಮರೆಯಲ್ಲಿ

“ಸರ್, ಡುಮ್ಮಿಗೆ ಎರಡ ಸೌಟ ಹಾಕ್ರಿ! ಒಂದು ಆಕಿ ಹಲ್ಲಿಗೂ ಸಾಲಂಗಿಲ್ಲ!”

ಯಂಕಪ್ಪ ಕೂಗಿದ. ಶಿಗ್ಲಿ ಶಾಲೆಯ ಪಡಸಾಲೆಯಲ್ಲಿ ಉಪ್ಪಿಟ್ಟಿಗೆ ಕೂತಿದ್ದ ಹುಡುಗರೆಲ್ಲ ಹೋ ಎಂದು ನಕ್ಕರು. ಕಳಕವ್ವ ತಟ್ಟೆ ಹಿಂದಕ್ಕೆ ಎಳೆದುಕೊಂಡಳು.

“ನನಗ ಬ್ಯಾಡ್ರಿ ಸರ್. ಹಸಿವಿಲ್ಲ.”

ಸುಳ್ಳು! ಹೊಟ್ಟೆ ಚುರುಗುಟ್ಟುತ್ತಿತ್ತು. ಈ ವಾರವೆಲ್ಲ ಅವಳು ಹೀಗೇ ಹೇಳುತ್ತಿದ್ದಳು. ಅಣ್ಣ ಸಕ್ರಪ್ಪ ಅವಳಿಗಿಂತ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಾನೆ, ಆದರೂ ಕಡ್ಡಿ. ಅವನಿಗೆ ಯಾರೂ ಏನೂ ಅನ್ನುವುದಿಲ್ಲ. ಆಟಕ್ಕೆ ಹೋಗೋಣವೆಂದರೆ ಅವ್ವ, “ದೊಡ್ಡಾಕಿ ಆದಿ, ಮನ್ಯಾಗ ಕುಂಡ್ರು,” ಅನ್ನುತ್ತಾಳೆ. ಕೂತರೆ ಮತ್ತೆ ಡುಮ್ಮಿ!

ಸಂಜೆ ಮನೆಗೆ ಬಂದಾಗ ಅವ್ವ ಇನ್ನೂ ಹೊಲದಲ್ಲಿದ್ದಳು. ಕಳಕವ್ವ ಬುಟ್ಟಿಯಿಂದ ಮೂರು ರೊಟ್ಟಿ ಬಾಚಿ, ಶೇಂಗಾ ಚಟ್ನಿ ಸುರಿದುಕೊಂಡು, ಜೋಳದ ಚೀಲಗಳ ಮರೆಗೆ ನುಗ್ಗಿದಳು. ದಿನವೂ ಅಲ್ಲೇ ನಿಂತು ಗಬಗಬ ತಿನ್ನುವುದು.

ಇವತ್ತು ಅಲ್ಲಿ ಆಯಿ ಕೂತಿದ್ದಳು. ಕಳಕವ್ವನ ಅಜ್ಜಿ. ಅವಳೂ ದಪ್ಪ, ಅಪ್ಪನ ಕಡೆಯ ಹೆಂಗಸರೆಲ್ಲ ಹಾಗೇ. ಕೈಯಲ್ಲಿ ರೊಟ್ಟಿ, ಬಾಯಿ ತುಂಬ ಬೆಲ್ಲ.

ಇಬ್ಬರೂ ನಾಚಿ ನೆಲ ನೋಡಿದರು.

“ಮಧ್ಯಾಹ್ನ ಬಸುರಿ ಹೆಣ್ಮಗಳ ಕುಬಸದ ಊಟಕ್ಕ ಹೋಗಿದ್ದಿ ಅಲ್ಲಾ, ಆಯಿ?”

“ಹೋಳಿಗಿ ಬ್ಯಾಡಂದೆ. ಪಂಕ್ತ್ಯಾಗ ಎಲ್ಲಾರೂ ನನ್ನ ಬಾಯೇ ನೋಡ್ತಾರವ್ವಾ.”

“ಯಾವಾಗಿಂದ ಹಿಂಗ ಕದ್ದು ತಿಂತಿ?”

ಆಯಿ ಬೆಲ್ಲ ನುಂಗಿದಳು. “ನಿನ್ನಷ್ಟಾಕಿ ಇದ್ದಾಗಿಂದ.”

ಕಳಕವ್ವ ಕೈಯಲ್ಲಿದ್ದ ರೊಟ್ಟಿ ಕೆಳಗಿಳಿಸಿದಳು. ಇಷ್ಟು ವರ್ಷ! ಹಲ್ಲು ಬೀಳುವ ತನಕ ತನಗೂ ಈ ಮರೆಯೇ ಗತಿಯೇ?

“ಏಳ್ ಆಯಿ, ಕಟ್ಟಿ ಮ್ಯಾಲ ಕುಂಡ್ರೂಣು.”

“ಮಂದಿ ನೋಡ್ತಾರ!”

“ನೋಡ್ಲಿ.” ಅಂದಳೇನೋ ಹೌದು, ಹೊರಗೆ ಬರುವ ಮುನ್ನ ಓಣಿಯಲ್ಲಿ ಯಾರಾದರೂ ಇದ್ದಾರೇನೆಂದು ಇಣುಕಿದಳು.

ಕಟ್ಟೆಯ ಮೇಲೆ ಕೂತದ್ದೇ ತಡ, ಎದುರು ಮನೆಯ ಸುಗ್ರಾಬಿ ಕೊಡ ಹೊತ್ತು ಬಂದಳು. “ಊಟ ಆತೇನ್ರಿ ಯಕ್ಕಾ?”

“ಆತವಾ, ಆತು,” ಎಂದು ಆಯಿ ಗಡಬಡಿಸಿ ರೊಟ್ಟಿಯನ್ನು ಸೆರಗಿನಡಿ ಮುಚ್ಚಿದಳು.

ಕಳಕವ್ವನ ಕಿವಿ ಬಿಸಿಯಾದವು. ಆದರೂ ಅಂದಳು, “ಇಲ್ರಿ, ಈಗ ಉಣ್ಣಾಕತ್ತೀವಿ.”

“ಉಣ್ರಿ, ಉಣ್ರಿ,” ಎನ್ನುತ್ತ ಸುಗ್ರಾಬಿ ಹೋದಳು. ಅಷ್ಟೇ.

ಆಯಿ ಮೆಲ್ಲಗೆ ರೊಟ್ಟಿ ಹೊರತೆಗೆದಳು. ಅವಳು ತುತ್ತು ಬಾಯಿಗಿಡುವಾಗ ಕಳಕವ್ವ ಅತ್ತ ನೋಡಲಿಲ್ಲ. ಓಣಿಯ ಕಡೆ ಮುಖ ಮಾಡಿ ತನ್ನ ರೊಟ್ಟಿ ಮುರಿದಳು.