ಅತ್ತೆಯ ಕೋಣೆಯ ಗಾಳಿಕಿಂಡಿ

ಎ.ಸಿ. ಗಾಳಿ ನೇರ ಎದೆಗೆ ಹೊಡೆಯುತ್ತದೆ, ಆ ಕಿಂಡಿ ಮುಚ್ಚಿಸಿಕೊಡು ಎಂದು ನಮ್ಮ ಅತ್ತೆ ಸಾಯುವ ತನಕ ಮಗನನ್ನು ಗೋಗರೆದರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅಂದುಬಿಟ್ಟ ನನ್ನ ಗಂಡ ಮಹಾರಾಯ. ಅವರು ಹೋದ ಮೇಲೆ ತನಗೆ ಕೆಮ್ಮು ಹತ್ತಿದ್ದೇ ತಡ, ಎ.ಸಿ. ಗಾಳಿ ಹರಿಯುವ ಡಕ್ಟ್ ಕೊಳವೆ ಕ್ಲೀನ್ ಮಾಡುವವರನ್ನು ಕರೆಸಿದ.

ದೊಡ್ಡ ಮೆಷಿನ್ ಧೂಳನ್ನೆಲ್ಲ ಹೀರಿತು. ಎಲ್ಲ ಕೋಣೆಗೂ ತಣ್ಣನೆ ಗಾಳಿ ಬಂತು, ಅತ್ತೆಯ ಕೋಣೆಗೆ ಮಾತ್ರ ಇಲ್ಲ. ಕೆಲಸದವನು ಮತ್ತೆ ಏಣಿ ಹತ್ತಿ ಜಾಲರಿ ಬಿಚ್ಚಿದ.

"ಆಗ್ಲೇ ಪೂರ್ತಿ ಖಾಲಿ ಮಾಡಿದ್ನಲ್ಲ ಅಕ್ಕ. ಯಾರೋ ಒಳಗಿಂದ ಬಟ್ಟೆ ತುರುಕಿದಾರೆ" ಎನ್ನುತ್ತಾ ಅದನ್ನು ಎಳೆದು ನನ್ನ ಕೈಗೆ ಕೊಟ್ಟ.

ಕಂದು ಶಾಲು. ಈಗಷ್ಟೇ ಹೊದ್ದು ತೆಗೆದಂತೆ ಬೆಚ್ಚಗಿತ್ತು. ಅತ್ತೆಯ ಹೆಣಕ್ಕೆ ನಾನೇ ಹೊದಿಸಿ ಸ್ಮಶಾನಕ್ಕೆ ಕಳಿಸಿದ್ದ ಶಾಲು.

ಬೇರೆ ಯಾವುದೋ ಇರಬೇಕು ಅಂತ ನನ್ನ ಗಂಡ ಇವತ್ತಿಗೂ ವಾದಿಸುತ್ತಾನೆ. ಅದರ ಅಂಚಿನ ತೇಪೆ ನಾನು ಹಾಕಿದ್ದು.